ಗೆದ್ದವರ ಮುಂದಿನ ದಿನಗಳು

ಗೆಲವನ್ನು ವರ್ಣಿಸುವವರು ಬಹುಮಂದಿ. ಗೆದ್ದ ತಂಡವು ಮುಂದಿನ ವರ್ಷಗಳಲ್ಲಿ ಏಕೆ ಕುಗ್ಗುತ್ತದೆಂದು ವಿಚಾರಿಸುವವರು ವಿರಳ. ಆದರೆ ಏಳಿಗೆಗಿಂತ ಇಳಿಗಾಲವೇ ಹೆಚ್ಚಿನ ಪಾಠವನ್ನು ಕಲಿಸುವುದುಂಟು. ರಣಜಿ ಟ್ರೋಫಿಯಲ್ಲಿ ನಮ್ಮ ಕರ್ನಾಟಕ ತಂಡವು ನಡೆದು ಬಂದ ದಾರಿಯೇ ಇದಕ್ಕೆ ಸಾಕ್ಷಿ.

1974ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು ಬೆಂಗಳೂರಿನ ಸೆಮಿಫೈನಲಿನಲ್ಲಿ ಮುಂಬಯಿಯನ್ನು ಹಿಂದಿಕ್ಕಿತು. ಸತತ 15 ವರ್ಷ ಆ ಟ್ರೋಫಿಯನ್ನು ಬಿಟ್ಟುಕೊಡದಿದ್ದ ತಂಡವದು. ವಿಶ್ವನಾಥರು ಆ ಪಂದ್ಯದಲ್ಲಿ 162 ರನ್ನು ಗಳಿಸಿದರು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕವು ಮೊದಲ ಬಾರಿಗೆ ಟ್ರೋಫಿಯನ್ನು ಪಡೆಯಿತು. 1978ರಲ್ಲಿಯೂ 1983ರಲ್ಲಿಯೂ ಅದೇ ವೈಭವ ಮರಳಿತು. ಅನಂತರ? 13 ವರ್ಷಗಳ ಬರಿಗೈ. ಪ್ರಸನ್ನ, ಚಂದ್ರಶೇಖರ, ವಿಶ್ವನಾಥರಂಥವರು ತೆರವು ಮಾಡಿದ ಸ್ಥಾನಗಳು ಒಂದೆರಡು ವರ್ಷಗಳಲ್ಲಿ ತುಂಬುವಂಥವಲ್ಲ.

ವಯಸ್ಸು ಒಂದು ಕಾರಣವಾದರೆ, ಯಶಸ್ಸೇ ಇನ್ನೊಂದು ಕಾರಣ. 1996, 1998 ಮತ್ತು 1999ರಲ್ಲಿ ಕರ್ನಾಟಕವು ಮತ್ತೆ ಗೆದ್ದಿತಷ್ಟೆ. ಆ ಕಾಲದ ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ ಇವರೆಲ್ಲರೂ ಭಾರತ ತಂಡದ ಕರೆಗೆ ಓಗೊಟ್ಟವರು. ಅತ್ಯುತ್ತಮರನ್ನು ಬೆಳೆಸಿದ ಮನೆಗೆ ಅವರ ದುಡಿಮೆ ದೊರೆಯುವುದು ಅಪರೂಪವಾಯಿತು. ಮುಂದಿನ ಟ್ರೋಫಿಗಾಗಿ 2014ರವರೆಗೆ ಕಾಯಬೇಕಾಯಿತು.

ಇಲ್ಲೊಂದು ಸೋಜಿಗವಿದೆ. 2010ರಲ್ಲಿ ಮೈಸೂರಿನ ಫೈನಲಿನಲ್ಲಿ ಕರ್ನಾಟಕವು ಮುಂಬಯಿಗೆ ಕೇವಲ 6 ರನ್ನುಗಳಿಂದ ಸೋತಿತು. ಸೋತು ತಲೆಬಾಗಿಸಿದ ಆ ತಂಡದಲ್ಲಿಯೇ ಮುಂದಿನ ಗೆಲವು ಅಡಗಿತ್ತು. ಅಂದು ಆಡಿದ ವಿನಯಕುಮಾರರೇ ನಾಯಕರಾಗಿ 2014 ಮತ್ತು 2015ರಲ್ಲಿ ಟ್ರೋಫಿಯನ್ನು ಎತ್ತಿದರು. ಸೋಲಿನಲ್ಲಿ ಏಳಿಗೆಯ ಬೀಜವಿರುವಂತೆಯೇ ಗೆಲವಿನಲ್ಲಿ ಇಳಿಗಾಲದ ಬೀಜವಿರುತ್ತದೆ.

2015ರ ಫೈನಲಿನಲ್ಲಿ ಕರುಣ್ ನಾಯರ್ 328, ನಮ್ಮ ಸುರತ್ಕಲ್ಲಿನಲ್ಲಿ ಬೆಳೆದ ರಾಹುಲ್ 188 ರನ್ನು ಗಳಿಸಿದರು. ಅದರ ಮರುವರ್ಷವೇ ತಂಡವು ಕ್ವಾರ್ಟರ್ ಫೈನಲನ್ನು ಕೂಡ ಮುಟ್ಟಲಿಲ್ಲ. ರಾಹುಲರನ್ನೂ ನಾಯರರನ್ನೂ ಭಾರತ ತಂಡ ಕರೆದುಕೊಂಡಿತು. ವಿನಯಕುಮಾರರು 2019ರಲ್ಲಿ ಪುದುಚೇರಿಯ ಪರವಾಗಿ ಆಡಲು ಹೋದರು. ನಾಯರರು 2023ರಲ್ಲಿ ವಿದರ್ಭಕ್ಕೆ ತೆರಳಿ, 2025ರ ಫೈನಲಿನಲ್ಲಿ 86 ಮತ್ತು 135 ರನ್ನು ಗಳಿಸಿ ಆ ತಂಡವನ್ನು ಗೆಲ್ಲಿಸಿದರು. ಇಲ್ಲಿ ಮುಗಿಯಿತೆಂದುಕೊಂಡ ಆಟ ಅಲ್ಲಿ ಇನ್ನೂ ಉಳಿದಿತ್ತು!

ಗೆದ್ದ ತಂಡವನ್ನು ನಡೆಸುವವರ ಸಂಕಟ ಇದೇ. ಗೆಲ್ಲಿಸಿದವರನ್ನು ಬಹುಕಾಲ ಉಳಿಸಿಕೊಂಡರೆ ಕಿರಿಯರಿಗೆ ಎಡೆಯಿಲ್ಲ. ಬೇಗನೆ ಬೀಳ್ಕೊಟ್ಟರೆ ಕೃತಘ್ನತೆ, ಕೆಲವೊಮ್ಮೆ ನಷ್ಟವೂ ಹೌದು. ಇದಕ್ಕೆ ಸೂತ್ರವಿಲ್ಲ. ಆದರೆ ಮುಂಬಯಿಯು ಅಷ್ಟು ವರ್ಷ ಬಾಳಿದ್ದು ಬರಿಯ ಹಿರಿಯ ಆಟಗಾರರ ಬಲದಿಂದಲ್ಲ. 1948ರಿಂದ ಮಳೆಗಾಲದ ಕೆಸರಿನಲ್ಲಿಯೂ ನಡೆದ ಕಾಂಗಾ ಲೀಗಿನಂಥ ಪಂದ್ಯಗಳು, ಬೀದಿಗೊಂದರಂತಿದ್ದ ಕ್ಲಬ್ಬುಗಳು ಒಬ್ಬನು ಹೋದರೆ ಇನ್ನೊಬ್ಬನನ್ನು ಒದಗಿಸುತ್ತಿದ್ದವು.

ತುಳುನಾಡಿನ ಬೇಸಾಯಗಾರನು ಬೆಳೆ ಎಷ್ಟೇ ಸೊಂಪಾಗಿ ಬರಲಿ, ಬೀಜದ ಭತ್ತವನ್ನು ಬೇರೆಯಾಗಿ ಮುಡಿ ಕಟ್ಟಿ ಇಡುತ್ತಿದ್ದನು. ಹಸಿವಿನ ವರ್ಷದಲ್ಲಿ ಆ ಎಚ್ಚರ ಸಹಜ. ಸುಭಿಕ್ಷದ ವರ್ಷದಲ್ಲಿಯೂ ಅದನ್ನು ಮರೆಯದಿರುವುದೇ ವಿವೇಕ. ಮಂಗಳೂರಿನ ನೆಹರೂ ಮೈದಾನದಲ್ಲಿ ಆಡಿ ಕಲಿತ ಹುಡುಗನೊಬ್ಬನು ಭಾರತದ ದಾಂಡಿಗನಾದುದಕ್ಕೆ ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಅರ್ಧದಷ್ಟು ಆಸ್ಥೆಯನ್ನು ಅದೇ ಮೈದಾನದಲ್ಲಿ ಇಂದು ಚೆಂಡು ಹಿಡಿದು ನಿಂತ ಹುಡುಗರ ಮೇಲೂ ಇಟ್ಟರೆ, ಮುಂದಿನ ಇಳಿಗಾಲ ಬಂದರೂ ಅದು ದೀರ್ಘವಾಗಲಾರದು.