ಐದು ಡಿಸ್ಕಿನ ಹಳೇ ಡಿವಿಡಿ ಪ್ಲೇಯರ್ ಕೊಳ್ಳೋದಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ರಜೆಗೆ ನೆಂಟರು ಬಂದ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ: 'ಆ ಮದುವೆ ಡಿಸ್ಕ್ ಹಾಕ್ರಪ್ಪ, ಅಜ್ಜಿ ಇದಾರೆ ಅದರಲ್ಲಿ.' ಶೋಕೇಸಿನ ಕೆಳಗಿನ ಖಾನೆಯಿಂದ ಡಿಸ್ಕಿನ ಡಬ್ಬಿ ಹೊರಗೆ ಬರುತ್ತದೆ. ಧೂಳು ಒರೆಸಿ ಪ್ಲೇಯರ್ ಆನ್ ಮಾಡಿದರೆ ಟ್ರೇ ಆಚೆಗೇ ಬರಲ್ಲ. ಬಂದರೂ ಟಿವಿಯಲ್ಲಿ 'ನೋ ಡಿಸ್ಕ್' ಅಂತ ತೋರಿಸುತ್ತದೆ. ಮಾರನೇ ದಿನ ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರೆ 'ಈಗ ಯಾರು ಸಾರ್ ಡಿವಿಡಿ ತಗೊಳ್ತಾರೆ' ಎಂಬ ಉತ್ತರ. ಅಷ್ಟರಲ್ಲಿ ಪರಿಚಯದವರೊಬ್ಬರು, ತಮ್ಮ ಹತ್ತಿರ ಐದು ಡಿಸ್ಕ್ ಹಿಡಿಯುವ ಹೋಮ್ ಥಿಯೇಟರ್ ಇದೆ, ಕಡಿಮೆಗೆ ಕೊಡ್ತೀವಿ ಅಂತಾರೆ. ತಗೋಬೇಕಾ, ಬೇಡವಾ?

ಮೂರು ಅಥವಾ ಐದು ಡಿಸ್ಕಿನ ಪ್ಲೇಯರ್ ಹೊಸದಾಗಿ ಅಂಗಡಿಗೆ ಬರುವುದು ನಿಂತು ವರ್ಷಗಳೇ ಆದವು. ಈಗ ಸಿಗುವುದೆಲ್ಲ ಬಳಸಿದ್ದು, ಇಲ್ಲವೇ ಯಾವುದೋ ಗೋದಾಮಿನಲ್ಲಿ ಉಳಿದದ್ದು. ಹಾಗಾಗಿ ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದಕ್ಕಿಂತ ಎದುರಿಗಿರುವ ಆ ಒಂದು ಪೆಟ್ಟಿಗೆ ಹೇಗಿದೆ ಅನ್ನುವುದೇ ಮುಖ್ಯ.

ಒಂದಕ್ಕಿಂತ ಹೆಚ್ಚು ಡಿಸ್ಕ್ ಹಿಡಿಯುವ ಪ್ಲೇಯರ್ ಯಾಕೆ ಬೇಕಾಗಿತ್ತು ಅಂತ ನೆನಪು ಮಾಡಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 74ರಿಂದ 80 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ಡಿಸ್ಕ್ ಬೇಕು, ಕೆಲವಕ್ಕೆ ಮೂರು. ಫೈಟ್ ನಡೀತಿರುವಾಗಲೇ ಡಿಸ್ಕ್ ಮುಗಿದು, ಯಾರಾದರೂ ಎದ್ದು ಹೋಗಿ ಇನ್ನೊಂದು ಹಾಕಬೇಕಿತ್ತು. ಕರಾವಳಿ ಕಡೆ ಯಕ್ಷಗಾನ ಪ್ರಸಂಗಗಳು ಎರಡು-ಮೂರು ಡಿಸ್ಕಿನ ಸೆಟ್ಟಾಗಿ ಬರುತ್ತಿದ್ದವು. ಮದುವೆ ವಿಡಿಯೊ ಕೂಡ ಹಾಗೇ: ನಿಶ್ಚಿತಾರ್ಥ ಒಂದು, ಧಾರೆ ಒಂದು, ಆರತಕ್ಷತೆ ಒಂದು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಶುರು ಮಾಡಿದ ಮೇಲಂತೂ ಮನೆಮನೆಯಲ್ಲೂ ಡಬ್ಬಿ ತುಂಬಿತು. ಟ್ರೇಯಲ್ಲಿ ಐದು ಡಿಸ್ಕ್ ಇಟ್ಟು ರಿಮೋಟ್ ಹಿಡಿದು ಕೂರುವ ಸುಖ ಆಗ ನಿಜಕ್ಕೂ ದೊಡ್ಡದೇ.

ಈಗ ಆ ಸುಖಕ್ಕೆ ಬೇರೆ ದಾರಿ ಇದೆ. ಪೂರ್ತಿ ತುಂಬಿದ ಒಂದು ಸಾಮಾನ್ಯ ಡಿವಿಡಿ ಅಂದರೆ 4.7 ಜಿಬಿ. ಐದಕ್ಕೆ 23.5 ಜಿಬಿ. 32 ಜಿಬಿಯ ಒಂದೇ ಪೆನ್‌ಡ್ರೈವಿನಲ್ಲಿ ಐದೂ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಮನೆಯಲ್ಲಿರುವುದು ಹತ್ತೋ ಇಪ್ಪತ್ತೋ ಡಿಸ್ಕ್, ಅದರಲ್ಲೂ ಬೇಕಾದವು ಮದುವೆ, ಗೃಹಪ್ರವೇಶದವು ಮಾತ್ರ ಅಂತಾದರೆ, ಯುಎಸ್‌ಬಿ ಮತ್ತು ಎಚ್‌ಡಿಎಂಐ ಇರುವ ಒಂದು ಡಿಸ್ಕಿನ ಹೊಸ ಪ್ಲೇಯರ್ ಸಾಕು. ಅದು ಈಗಲೂ ಸುಮಾರು 2,000ದಿಂದ 4,000 ರೂಪಾಯಿಯೊಳಗೆ ಸಿಗುತ್ತದೆ, ಜೊತೆಗೆ ವಾರಂಟಿ. ಹಳೇ ಐದು ಡಿಸ್ಕಿನ ಬರೀ ಪ್ಲೇಯರಿಗೆ ಇದಕ್ಕಿಂತ ಹೆಚ್ಚು ಕೇಳಿದರೆ ಕೊಡುವುದರಲ್ಲಿ ಅರ್ಥವಿಲ್ಲ.

ಆದರೂ ಐದು ಡಿಸ್ಕಿನದೇ ಬೇಕು ಅನ್ನುವವರಿದ್ದಾರೆ. ನೂರಾರು ಡಿಸ್ಕ್ ಇಟ್ಟುಕೊಂಡವರು, ದಿನವಿಡೀ ಹಾಡು ಕೇಳುವವರು, ಕಂಪ್ಯೂಟರ್ ಸಹವಾಸ ಬೇಡ ಅನ್ನುವ ಹಿರಿಯರು. ಅವರಿಗೆ ಮುಂದಿನ ಮಾತು.

ಒಂದೇ ಪೆಟ್ಟಿಗೆಯೋ, ಬಿಡಿ ಬಿಡಿಯೋ

ಡಿಸ್ಕ್ ಪ್ಲೇಯರ್, ಆಂಪ್ಲಿಫೈಯರ್, ರೇಡಿಯೊ ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದು, ಜೊತೆಗೆ ಐದು ಸ್ಪೀಕರ್ ಮತ್ತು ಒಂದು ಬಾಸ್ ಡಬ್ಬ ಬರುವ ಸೆಟ್ ಒಂದು ಬಗೆ. ನಮ್ಮಲ್ಲಿ ಹೋಮ್ ಥಿಯೇಟರ್ ಅಂದರೆ ಹೆಚ್ಚಾಗಿ ಇದೇ. ನೋಡಲು ಚಂದ, ಜೋಡಿಸಲು ಸುಲಭ. ಆದರೆ ಅದರ ಡಿಸ್ಕ್ ಭಾಗ ಕೆಟ್ಟರೆ ರಿಪೇರಿಗೆ ಹೋಗುವುದು ಪೂರ್ತಿ ಪೆಟ್ಟಿಗೆ. ಆಂಪ್ಲಿಫೈಯರ್ ಭಾಗ ಸುಟ್ಟರೆ ಸ್ಪೀಕರ್‌ಗಳೂ ಮೂಲೆ ಸೇರುತ್ತವೆ, ಯಾಕೆಂದರೆ ಇಂಥ ಸೆಟ್ಟಿನ ಸ್ಪೀಕರ್ ಬಹಳಷ್ಟು ಸಲ 3 ಅಥವಾ 4 ಓಮಿನವು. ಬಿಡಿಯಾಗಿ ಸಿಗುವ ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ 6ರಿಂದ 8 ಓಮಿಗೆ ಹೊಂದುವಂಥವು. ಕೆಲವು ಕಂಪನಿಗಳ ವೈರಿನ ಪ್ಲಗ್ ಕೂಡ ಬೇರೆಯದಕ್ಕೆ ಕೂರಲ್ಲ. ಪೆಟ್ಟಿಗೆ ಮಾತ್ರ ಸಿಗುತ್ತದೆ, ಸ್ಪೀಕರ್ ಕಳೆದಿದೆ ಅಂದರೆ ಮುಟ್ಟಲೇಬೇಡಿ.

ಇನ್ನೊಂದು ಬಗೆ, ಬರೀ ಪ್ಲೇಯರ್. ಸೌಂಡಿಗೆ ಬೇರೆ ಆಂಪ್ಲಿಫೈಯರ್ ಬೇಕು. ಮನೆಯಲ್ಲಿ ಆಗಲೇ ಒಳ್ಳೆ ಸೌಂಡ್ ಸೆಟ್ ಇದ್ದರೆ ಇದೇ ಲೇಸು. ಒಂದು ಕೆಟ್ಟರೆ ಒಂದನ್ನೇ ಬದಲಿಸಿದರಾಯಿತು.

ಐದು ಸ್ಪೀಕರ್ ಇದ್ದ ಮಾತ್ರಕ್ಕೆ 5.1 ಅಲ್ಲ

ಇಲ್ಲಿ ಮೋಸ ಹೋಗುವವರೇ ಜಾಸ್ತಿ. ಪೇಟೆಯಲ್ಲಿ ಬ್ಲೂಟೂತ್, ಎಫ್‌ಎಂ, ಪೆನ್‌ಡ್ರೈವ್ ಎಲ್ಲ ಇರುವ '5.1' ಸ್ಪೀಕರ್ ಸೆಟ್ಟುಗಳು ಸಿಗುತ್ತವೆ. ಹಿಂದೆ ತಿರುಗಿಸಿ ನೋಡಿ. ಕೆಂಪು-ಬಿಳಿ ಎರಡೇ ತೂತಿದ್ದರೆ ಒಳಗೆ ಹೋಗುವುದು ಎರಡು ಚಾನೆಲ್ ಸೌಂಡ್ ಅಷ್ಟೇ. ಅದನ್ನೇ ಐದೂ ಸ್ಪೀಕರಿಗೆ ಹಂಚುತ್ತದೆ. ಸಿನಿಮಾದಲ್ಲಿ ಹೆಲಿಕಾಪ್ಟರ್ ಹಿಂದಿನಿಂದ ಬಂದು ತಲೆ ಮೇಲೆ ಹಾದುಹೋದ ಹಾಗೆ ಕೇಳಬೇಕಾದರೆ ಆರು ತೂತು ಬೇಕು: ಮುಂದಿನ ಎಡ-ಬಲ, ಹಿಂದಿನ ಎಡ-ಬಲ, ನಡುವಿನದು, ಬಾಸಿನದು. ಪ್ಲೇಯರ್ ಹಿಂದೆಯೂ ಅದೇ ಆರು ಇರಬೇಕು. ಅಥವಾ ಎರಡೂ ಕಡೆ ಡಿಜಿಟಲ್ ಕನೆಕ್ಷನ್ ಇರಬೇಕು. ಅದರಲ್ಲೂ ಎರಡು ಜಾತಿ. ಕೋಆಕ್ಸಿಯಲ್ ಅಂದರೆ ಒಂದೇ ದುಂಡು ತೂತು, ಹೆಚ್ಚಾಗಿ ಕೇಸರಿ ಬಣ್ಣದ್ದು. ಆಪ್ಟಿಕಲ್ ಅಂದರೆ ಒಳಗೆ ಕೆಂಪು ಬೆಳಕು ಕಾಣುವ ಚೌಕದ್ದು. ಸಾಗುವ ಸೌಂಡ್ ಒಂದೇ, ವೈರ್ ಬೇರೆ. ಪ್ಲೇಯರಲ್ಲಿ ಕೋಆಕ್ಸಿಯಲ್ ಇದ್ದು ಸೌಂಡ್‌ಬಾರಲ್ಲಿ ಆಪ್ಟಿಕಲ್ ಮಾತ್ರ ಇದ್ದರೆ ನಡುವೆ ಒಂದು ಸಣ್ಣ ಕನ್ವರ್ಟರ್ ಹಾಕಬೇಕಾಗುತ್ತದೆ.

'ಹಾಡು ಜೋರಾಗಿ ಕೇಳುತ್ತೆ, ಮಾತೇ ಕೇಳಲ್ಲ' ಅಂತ ಪ್ಲೇಯರನ್ನೇ ರಿಪೇರಿಗೆ ತರುವವರಿದ್ದಾರೆ. ಪ್ಲೇಯರ್ ಸರಿಯಾಗೇ ಇರುತ್ತದೆ. ಸಿನಿಮಾದ 5.1 ಸೌಂಡಿನಲ್ಲಿ ಮಾತು ಬರುವುದು ಬಹುಪಾಲು ನಡುವಿನ ಚಾನೆಲಿನಲ್ಲಿ. ಸೆಟ್ಟಿಂಗಿನಲ್ಲಿ 5.1 ಅಂತಿಟ್ಟು ಕೆಂಪು-ಬಿಳಿ ಎರಡೇ ವೈರ್ ಹಾಕಿದರೆ ಆ ನಡುವಿನದು ಎಲ್ಲಿಗೂ ಹೋಗಲ್ಲ. ಆಡಿಯೊ ಸೆಟ್ಟಿಂಗಿನಲ್ಲಿ ಡೌನ್‌ಮಿಕ್ಸ್ ಅಥವಾ ಸ್ಟೀರಿಯೊ ಅಂತ ಬದಲಿಸಿದರೆ ಮಾತು ವಾಪಸ್ ಬರುತ್ತದೆ. ಖರ್ಚು ಸೊನ್ನೆ.

ಇನ್ನು, ವಿಸಿಡಿ ಸಿನಿಮಾಗಳಲ್ಲಿ ಇರುವುದೇ ಎರಡು ಚಾನೆಲ್. ಮದುವೆ ವಿಡಿಯೊದಲ್ಲೂ ಸಾಮಾನ್ಯವಾಗಿ ಅಷ್ಟೇ. ಡಬ್ಬಿಯಲ್ಲಿರುವುದು ಬರೀ ಇಂಥವೇ ಆದರೆ 5.1ಗೆ ಅಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ನಾಗಸ್ವರ ಹಿಂದಿನ ಸ್ಪೀಕರಿನಿಂದ ಬರಲಿ ಅಂತ ಯಾವ ವಿಡಿಯೊಗ್ರಾಫರೂ ಯೋಚಿಸಿರಲಿಲ್ಲ.

ಟಿವಿ ಕಡೆಯ ವಿಷಯ ಸುಲಭ. ಹೊಸ ಟಿವಿಗಳಲ್ಲಿ ಹಳದಿ-ಕೆಂಪು-ಬಿಳಿ ತೂತು ಕಡಿಮೆಯಾಗುತ್ತಿವೆ. ಪ್ಲೇಯರಲ್ಲಿ ಎಚ್‌ಡಿಎಂಐ ಇಲ್ಲದಿದ್ದರೆ ಕೆಲವು ನೂರು ರೂಪಾಯಿಯ ಎವಿ ಕನ್ವರ್ಟರ್ ಬೇಕಾಗಬಹುದು. '1080ಪಿ ಅಪ್‌ಸ್ಕೇಲಿಂಗ್ ಇದೆ' ಅಂತ ಬೆಲೆ ಏರಿಸಿದರೆ ಒಪ್ಪಬೇಡಿ. ನಮ್ಮ ಪಾಲ್ ಡಿವಿಡಿಯಲ್ಲಿರುವ ಚಿತ್ರ 720 ಗುಣಿಸು 576 ಚುಕ್ಕಿ ಮಾತ್ರ. ಅದನ್ನು ಹಿಗ್ಗಿಸುವ ಕೆಲಸ ಇಂದಿನ ಟಿವಿ ತಾನೇ ಮಾಡುತ್ತದೆ.

ಹೊರದೇಶದಿಂದ ತಂದದ್ದಾದರೆ

ಗಲ್ಫಿನಲ್ಲಿ ದುಡಿದು ಬಂದವರು ತಂದ ಸೆಟ್ಟುಗಳು ಕರಾವಳಿ ತಾಲ್ಲೂಕುಗಳಲ್ಲಿ ಸಾಕಷ್ಟಿವೆ. ಅಲ್ಲಿನ ಕರೆಂಟ್ ಬಹುತೇಕ ನಮ್ಮ ಹಾಗೆಯೇ, ಅದರದ್ದೇನೂ ತೊಂದರೆ ಇಲ್ಲ. ಡಿವಿಡಿಯ ರೀಜನ್ ನಂಬರ್ ಮಾತ್ರ ಬೇರೆ: ಅಲ್ಲಿ 2, ಭಾರತದಲ್ಲಿ 5. ಆದರೆ ಎಲ್ಲ ರೀಜನ್ನಿಗೂ ಆಗುವಂತೆ ಮಾಡಿದ ಡಿಸ್ಕುಗಳು ನಮ್ಮಲ್ಲಿ ಬಹಳ. ವಿಸಿಡಿಗೂ ಸ್ಟುಡಿಯೊದವರು ರೈಟ್ ಮಾಡಿಕೊಟ್ಟ ಮದುವೆ ಡಿಸ್ಕಿಗೂ ರೀಜನ್ ಗೊಡವೆಯೇ ಇಲ್ಲ.

ಅಮೆರಿಕದ್ದು ಹಾಗಲ್ಲ. ಅಲ್ಲಿ ಐದು ಡಿಸ್ಕಿನ ಬಿಡಿ ಪ್ಲೇಯರ್‌ಗಳು ತುಂಬ ಮಾರಾಟವಾಗಿದ್ದವು, ಮಗನೋ ಮಗಳೋ ತಂದುಕೊಟ್ಟದ್ದು ಕೆಲವರ ಮನೆಯಲ್ಲಿದೆ. ಹಿಂದೆ 120 ವೋಲ್ಟ್ ಅಂತ ಬರೆದಿದ್ದರೆ ನೇರ ನಮ್ಮ 230ರ ಪ್ಲಗ್ಗಿಗೆ ಹಾಕಿದ ಕ್ಷಣವೇ ಕಥೆ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಹಾಕಿದರೂ ಅಲ್ಲಿನ ಅನೇಕ ಪ್ಲೇಯರ್‌ಗಳು ನಮ್ಮ ಪಾಲ್ ಡಿಸ್ಕನ್ನು ಓದುವುದೇ ಇಲ್ಲ. ಮದುವೆ ವಿಡಿಯೊ ನೋಡಲೆಂದೇ ಕೊಳ್ಳುವವರು ಇದನ್ನು ದೂರವಿಡುವುದೇ ಒಳ್ಳೆಯದು.

ಕೈಯಲ್ಲಿ ಡಿಸ್ಕ್ ಹಿಡಿದೇ ಹೋಗಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ಪಕ್ಕದ ಬೀದಿಯಲ್ಲಿ ಕೊಳ್ಳಿ, ಮನೆಯ ಡಿಸ್ಕ್ ಹಾಕಿ ನೋಡದೆ ದುಡ್ಡು ಕೊಡಬೇಡಿ. ಐದು ಡಿಸ್ಕ್ ಒಯ್ಯಿರಿ: ಕಂಪನಿಯ ಒಂದು ಸಿನಿಮಾ ಡಿವಿಡಿ, ಒಂದು ವಿಸಿಡಿ, ಒಂದು ಎಂಪಿ3 ಸಿಡಿ, ಇನ್ನೆರಡು ರೈಟ್ ಮಾಡಿದ ಡಿಸ್ಕ್. ಇದ್ದದ್ದು ಒಂದೇ ಒಂದು ಮದುವೆ ಡಿಸ್ಕ್ ಆದರೆ ಅದನ್ನು ಮಾತ್ರ ಒಯ್ಯಬೇಡಿ, ಹಳೇ ಯಂತ್ರ ಕಚ್ಚಿ ಹಿಡಿದರೆ ಗೀರು ಬೀಳಬಹುದು.

ಡಿವಿಡಿ ಓದಲು ಕೆಂಪು ಲೇಸರ್, ಸಿಡಿ-ವಿಸಿಡಿ ಓದಲು ಬೇರೆ ಲೇಸರ್. ಹಾಗಾಗಿ 'ನೋಡಿ, ಹಾಡು ಬಂತಲ್ಲ' ಅಂತ ಎಂಪಿ3 ಸಿಡಿ ಹಾಕಿ ತೋರಿಸಿದರೆ ಡಿವಿಡಿ ಓಡುತ್ತದೆ ಅಂತ ಅರ್ಥವಲ್ಲ. ಎರಡನ್ನೂ ಹಾಕಿಸಿ. ಕಂಪನಿ ಡಿಸ್ಕ್ ಓಡಿ ರೈಟ್ ಮಾಡಿದ್ದು ತಡವರಿಸಿದರೆ ಲೆನ್ಸ್ ಸೋತಿರುವ ಸಾಧ್ಯತೆ ಹೆಚ್ಚು. ಕೆಲವು ಮೆಕ್ಯಾನಿಕ್‌ಗಳು ಪ್ರಿಸೆಟ್ ತಿರುಗಿಸಿ ಲೇಸರಿನ ಬಲ ಏರಿಸಿ ಕೊಡುತ್ತಾರೆ. ಆ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಲೆನ್ಸಿನ ಆಯಸ್ಸು ಬೇಗ ಮುಗಿಯುತ್ತದೆ.

ಮೊದಲ ಐದು ನಿಮಿಷ ನೋಡಿ ಎದ್ದು ಬರಬೇಡಿ. ಡಿಸ್ಕನ್ನು ಒಳಗಿನಿಂದ ಹೊರಗಿನ ಅಂಚಿನ ಕಡೆಗೆ ಓದಲಾಗುತ್ತದೆ. ತುಂಬಿದ ಡಿಸ್ಕೊಂದರ ಕೊನೆಯ ಹತ್ತು ನಿಮಿಷ ಓಡಿಸಿ ನೋಡಿದರೆ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ಐದೂ ಖಾನೆಗೆ ಡಿಸ್ಕ್ ತುಂಬಿ ಒಂದರಿಂದ ಐದಕ್ಕೆ, ಐದರಿಂದ ಎರಡಕ್ಕೆ ರಿಮೋಟಿನಲ್ಲೇ ಹಾರಿಸಿ. ಟ್ರೇ ತಿರುಗುವಾಗ ಕಟಕಟ ಸದ್ದು ಬಂದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ. ಆ ಮಾಡೆಲಿನ ಗೇರ್ ಈಗ ಸಿಗುವುದು ಕಷ್ಟ. ಟ್ರೇ ಬರೀ ಅಂಟಿಕೊಂಡು ನಿಧಾನ ತೆರೆದರೆ ಹೆದರಬೇಕಿಲ್ಲ, ಹೆಚ್ಚಾಗಿ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಕಡಿಮೆ ಖರ್ಚಿನ ಕೆಲಸ. ರಿಮೋಟ್ ಇದೆಯಾ ಕೇಳಿ. ಸೆಟ್ಟಿಂಗ್ ಮೆನು ಬಹುತೇಕ ಮಾಡೆಲ್‌ಗಳಲ್ಲಿ ರಿಮೋಟಿನಿಂದ ಮಾತ್ರ ತೆರೆಯುವುದು.

ಡಿಸ್ಕ್ ಕಾಯುವುದಿಲ್ಲ

ಪ್ಲೇಯರ್ ಹುಡುಕುವ ಗಡಿಬಿಡಿಯಲ್ಲಿ ಮರೆತುಹೋಗುವ ಸಂಗತಿ ಒಂದಿದೆ. ಮದುವೆ ಡಿಸ್ಕ್ ಕಂಪನಿಯ ಡಿಸ್ಕಿನ ಹಾಗಲ್ಲ. ಅದರಲ್ಲಿ ವಿಡಿಯೊ ಕೂತಿರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು, ಸೆಕೆ, ತೇವಕ್ಕೆ ಆ ಪದರ ಹಾಳಾಗುತ್ತದೆ. 2008ರ ಮದುವೆ ಡಿಸ್ಕ್ ಇವತ್ತು ಓಡಿದರೆ ಮುಂದಿನ ವರ್ಷವೂ ಓಡುತ್ತದೆ ಅನ್ನುವ ಹಾಗಿಲ್ಲ. ಪ್ಲೇಯರ್ ಬಂದ ದಿನವೇ ಎಲ್ಲ ಡಿಸ್ಕ್ ಒಮ್ಮೆ ಹಾಕಿ ನೋಡಿ, ಓಡುವುದನ್ನು ಕಾಪಿ ಮಾಡಿಟ್ಟುಕೊಳ್ಳಿ.

ಕಾಪಿ ಮಾಡುವುದು ಕಷ್ಟವಲ್ಲ. ಡಿವಿಡಿ ಡ್ರೈವ್ ಇರುವ ಹಳೇ ಕಂಪ್ಯೂಟರ್ ಸಾಕು. ಡಿವಿಡಿಯಲ್ಲಿ 'ವಿಡಿಯೊ ಟಿಎಸ್' ಎಂಬ ಫೋಲ್ಡರ್ ಇರುತ್ತದೆ, ಅದನ್ನು ಪೂರ್ತಿ ಎಳೆದು ಹಾಕಿಕೊಳ್ಳಿ. ವಿಸಿಡಿಯಾದರೆ 'ಎಂಪಿಇಜಿ ಎವಿ' ಫೋಲ್ಡರಿನ 'ಡಿಎಟಿ' ಫೈಲ್. ವಿಎಲ್‌ಸಿ ಪ್ಲೇಯರಿನಲ್ಲಿ ಎರಡೂ ಓಡುತ್ತವೆ. ಟಿವಿಗೆ ನೇರ ಪೆನ್‌ಡ್ರೈವ್ ಹಾಕಿದಾಗ ಓಡದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿಕೊಳ್ಳಬಹುದು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ. ಪ್ಲೇಯರಲ್ಲಿ ಓಡದ ಡಿಸ್ಕ್ ಎಷ್ಟೋ ಸಲ ಕಂಪ್ಯೂಟರ್ ಡ್ರೈವಿನಲ್ಲಿ ಓಡುತ್ತದೆ, ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ಉಜ್ಜಬೇಡಿ.

ಅಂಗಡಿ, ಹೋಟೆಲ್, ಸಲೂನಿನವರಿಗೆ ಒಂದು ಮಾತು. ಮನೆಯಲ್ಲಿ ನೋಡಲು ಕೊಂಡ ಸಿನಿಮಾ ಡಿಸ್ಕನ್ನು ಗಿರಾಕಿಗಳ ಮುಂದೆ ಓಡಿಸುವುದಕ್ಕೆ, ಕಾಪಿ ಹೊಡೆದು ಕೊಡುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯಡಿ ಹಕ್ಕುದಾರರ ಅನುಮತಿ ಬೇಕು. ಗಿರಾಕಿ ತಂದ ಅವರದೇ ಮದುವೆ ಡಿಸ್ಕನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ಬೇರೆ ವಿಷಯ. ಡಿಟಿಪಿ ಸೆಂಟರ್, ಮೊಬೈಲ್ ಅಂಗಡಿಯವರು ಸುಮಾರು 2,000 ರೂಪಾಯಿ ಆಸುಪಾಸಿನ ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನು ಇಟ್ಟುಕೊಂಡರೆ ಈ ಕೆಲಸ ಮಾಡಿಕೊಡಬಹುದು. ಹಳೇ ಡ್ರೈವ್ ಇರುವ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮುಂಚೆ ಡ್ರೈವ್ ಬಿಚ್ಚಿಟ್ಟುಕೊಂಡರೂ ಆದೀತು.