ನೋಯುವ ಕೈಗೆ ಅಳತೆಯ ಕೆಲಸ

ಆಂಧ್ರದ ಎಮ್ಮಿಗನೂರಿನ ಕುಣಿಮಗ್ಗದಲ್ಲಿ ಕೂತವರ ಬಲಗೈ ಹಗ್ಗದ ಹಿಡಿಯನ್ನು ಜಗ್ಗಿದಾಗ ಲಾಳಿ ಈ ಬದಿಯಿಂದ ಆ ಬದಿಗೆ ಹಾರುತ್ತದೆ. ಎಡಗೈ ಹಲಗೆಯನ್ನು ಎದೆಯತ್ತ ಎಳೆದು ಹೊಕ್ಕನ್ನು ಬಡಿಯುತ್ತದೆ. ಇಂಚಿಗೆ 60 ಹೊಕ್ಕಿನ ಬಟ್ಟೆಯಾದರೆ ಐದೂವರೆ ಮೀಟರಿನ ಒಂದು ಸೀರೆಗೆ ಈ ಜಗ್ಗಾಟ ಸುಮಾರು 13,000 ಸಲ. ಆದವಾನಿ ಸುತ್ತಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಂಗಸರ ಲೆಕ್ಕವೂ ಕಡಿಮೆಯದಲ್ಲ. ಒಂದು ಕಾಯಿಯಲ್ಲಿ ಸಿಗುವ ಹತ್ತಿ ನಾಲ್ಕೈದು ಗ್ರಾಂ. ತಕ್ಕಡಿಯಲ್ಲಿ ಒಂದು ಕಿಲೋ ತೂಗಬೇಕಾದರೆ ಇನ್ನೂರಕ್ಕೂ ಹೆಚ್ಚು ಕಾಯಿಗಳಿಗೆ ಬೆರಳು ಹಾಕಬೇಕು. ಮನೆಗೆ ಬಂದ ಮೇಲೆ ಅದೇ ಕೈ ಜೋಳದ ರೊಟ್ಟಿ ಬಡಿಯಬೇಕು.

ಹೆಗಲು, ಮೊಣಕೈ, ಮಣಿಕಟ್ಟು ನೋಯತೊಡಗಿದರೆ ಇಲ್ಲಿ ನಡೆಯುವುದು ಎಲ್ಲ ಕಡೆ ನಡೆಯುವುದೇ. ಮೊದಲು ಎಣ್ಣೆ ತಿಕ್ಕುವುದು, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಒಂದು ಇಂಜೆಕ್ಷನ್. ಜೊತೆಗೆ ‘ಕೈಗೆ ರೆಸ್ಟ್ ಕೊಡಿ’ ಎಂಬ ಸಲಹೆ. ದಿನಗೂಲಿಯವರಿಗೆ ಈ ಸಲಹೆ ಪಾಲಿಸಲಾಗದ್ದು. ವಿಜ್ಞಾನದ ದೃಷ್ಟಿಯಿಂದಲೂ ಅದು ಅರ್ಧ ಮಾತ್ರ ಸರಿ.

ಮೊಣಕೈಯನ್ನೇ ನೋಡೋಣ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಎಲುಬಿನ ಗಂಟಿಗೆ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡಿವೆ. ಬಿಗಿಯಾಗಿ ಏನನ್ನು ಹಿಡಿದರೂ ಆ ಜಾಗದ ಮೇಲೆ ಎಳೆತ ಬೀಳುತ್ತದೆ. ಅಲ್ಲಿನ ನೋವಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಟೆನಿಸ್ ಆಟದ ಹೆಸರು ಅಂಟಿತು. ಆದರೆ ‘ಟೆನಿಸ್ ಎಲ್ಬೋ’ ಇರುವವರಲ್ಲಿ ಬಹುಪಾಲು ಜನ ಟೆನಿಸ್ ಬ್ಯಾಟು ಮುಟ್ಟಿದವರೇ ಅಲ್ಲ. ನೇಯುವವರು, ಬಡಗಿಗಳು, ಬಟ್ಟೆ ಹಿಂಡುವವರು. ಬಹುಕಾಲ ಇದನ್ನು ಉರಿಯೂತವೆಂದೇ ನಂಬಿದ್ದರು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ರಾಬರ್ಟ್ ನಿರ್ಷ್ಲ್ ಮತ್ತು ಫ್ರಾಂಕ್ ಪೆಟ್ರೋನ್ ಬೇರೆಯದೇ ಚಿತ್ರ ಕೊಟ್ಟರು. ಆರೋಗ್ಯವಂತ ರಜ್ಜುವಿನಲ್ಲಿ ಕೊಲಾಜೆನ್ ಎಳೆಗಳು ಮಗ್ಗದ ಹಾಸಿನಂತೆ ಒತ್ತಾಗಿ, ನೇರವಾಗಿ ಇರುತ್ತವೆ. ನೋವಿನ ರಜ್ಜುವಿನಲ್ಲಿ ಅವು ಸಿಕ್ಕುಸಿಕ್ಕಾಗಿ, ದುರ್ಬಲವಾಗಿ ಇದ್ದವು, ನಡುವೆ ಬೇಡದ ರಕ್ತನಾಳಗಳು ಬೆಳೆದಿದ್ದವು. ಉರಿಯೂತದ ಕೋಶಗಳು ಹೆಚ್ಚೇನೂ ಇರಲಿಲ್ಲ. ಅಂದರೆ ಇದು ಸವೆತ ಮತ್ತು ಅರೆಬರೆ ದುರಸ್ತಿಯ ಕಥೆ. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ದುರಸ್ತಿ ನಿಧಾನ, ವಾರಗಳಲ್ಲ, ತಿಂಗಳುಗಳ ಲೆಕ್ಕ.

ಸ್ಟೀರಾಯ್ಡ್ ಇಂಜೆಕ್ಷನ್ ಮೋಸ ಮಾಡುವುದು ಇಲ್ಲೇ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ವಾರದ ಹೊತ್ತಿಗೆ ಇಂಜೆಕ್ಷನ್ ಪಡೆದವರೇ ಎಲ್ಲರಿಗಿಂತ ಮುಂದಿದ್ದರು. ಆದರೆ ವರ್ಷದ ಕೊನೆಗೆ ಅವರೇ ಹಿಂದೆ ಬಿದ್ದರು, ಬಹಳ ಮಂದಿಗೆ ನೋವು ಮರುಕಳಿಸಿತ್ತು. ಫಿಜಿಯೋಥೆರಪಿ ಪಡೆದವರು ಆರು ವಾರಕ್ಕೆ, ಸುಮ್ಮನೆ ಕಾದವರಿಗಿಂತ ಚೆನ್ನಾಗಿದ್ದರು. ವರ್ಷದ ಹೊತ್ತಿಗೆ ಆ ಎರಡು ಗುಂಪುಗಳ ನಡುವೆ ಅಂತರ ಹೆಚ್ಚು ಉಳಿದಿರಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಬೇಕು. ಆದರೆ ನಾಳೆಯೇ ಮಗ್ಗಕ್ಕೆ ಕೂರಬೇಕಾದವರಿಗೆ ಆ ಮೊದಲ ತಿಂಗಳುಗಳೇ ಮುಖ್ಯ.

ಹಾಗಾದರೆ ಫಿಜಿಯೋಥೆರಪಿಸ್ಟ್ ಮಾಡಿಸುವುದೇನು? ರಜ್ಜುವಿಗೆ ತಡೆಯುವಷ್ಟೇ ಭಾರ ಕೊಟ್ಟು, ಮೆಲ್ಲನೆ ಏರಿಸುತ್ತಾ ಹೋಗುವುದು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಾಚೆ ಇರಲಿ. ಕೈಯಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿ. ಇನ್ನೊಂದು ಕೈಯಿಂದ ಆಸರೆ ಕೊಟ್ಟು ಅದನ್ನು ಮೇಲೆತ್ತಿ, ನೋಯುವ ಕೈಯೊಂದರಿಂದಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಇಳಿಸಬೇಕು. ಹತ್ತು ಹದಿನೈದು ಸಲ, ಸ್ವಲ್ಪ ಬಿಟ್ಟು ಮತ್ತೆ. ಮಾಡುವಾಗ ಸಣ್ಣ ನೋವಿದ್ದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಗೂ ನೋವು ಜಾಸ್ತಿಯೇ ಇದ್ದರೆ ಭಾರ ಇಳಿಸಬೇಕು. ಪೂರ್ತಿ ವಿಶ್ರಾಂತಿಯಲ್ಲಿ ರಜ್ಜು ಇನ್ನಷ್ಟು ಬಲಹೀನವಾಗುತ್ತದೆ, ಎಳೆತ ಬಿದ್ದಾಗಲೇ ಅದರ ಕೋಶಗಳು ಹೊಸ ಕೊಲಾಜೆನ್ ಕಟ್ಟುತ್ತವೆ. ಮೂರು ತಿಂಗಳು ಬಿಡದೆ ಮಾಡುವುದೇ ಕಷ್ಟದ ಭಾಗ.

ಹೆಗಲಿನ ಸಂಗತಿ ಬೇರೆ. ನಾಲ್ಕು ಪುಟ್ಟ ಸ್ನಾಯುಗಳು ರಟ್ಟೆಯ ಎಲುಬಿನ ಗುಂಡನ್ನು ಆಳವಿಲ್ಲದ ಕುಳಿಯಲ್ಲಿ ಹಿಡಿದಿಡುತ್ತವೆ. ಅವು ಸವೆದರೆ ಕೈಯೆತ್ತುವಾಗ ನೋವು. ಆದರೆ ಬೇರೆಯವರು ಎತ್ತಿದರೆ ಕೈ ಸಾಮಾನ್ಯವಾಗಿ ಮೇಲೆ ಹೋಗುತ್ತದೆ. ಬೇರೆಯವರು ಎತ್ತಿದರೂ ಹೋಗದೆ ಕೀಲೇ ಬಿಗಿದಿದ್ದರೆ ಅದು ‘ಫ್ರೋಜನ್ ಶೋಲ್ಡರ್’ ಇರಬಹುದು. 1934ರಲ್ಲಿ ಈ ಹೆಸರಿಟ್ಟವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಮುಂದಕ್ಕೆ ಬಾಗಿ ಕೈಯನ್ನು ಜೋತುಬಿಟ್ಟು ಲೋಲಕದಂತೆ ತೂಗುವ ವ್ಯಾಯಾಮವೂ ಅವರ ಹೆಸರಿನದೇ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ಹೋಗುವುದೂ ಉಪಯೋಗಕ್ಕೆ ಬರುತ್ತದೆ. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. ಹೆಗಲು ಬಿಗಿದಿದೆ ಎಂದು ಬಂದವರ ರಕ್ತದ ಸಕ್ಕರೆ ನೋಡದೆ ಕಳಿಸಬಾರದು.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳ ಮೇಲೆ ಕಿರಿದಾದ ಒಂದು ಸುರಂಗವಿದೆ. ಒಂಬತ್ತು ರಜ್ಜುಗಳ ಜೊತೆ ಒಂದು ನರವೂ ಅದರಲ್ಲೇ ಹಾಯಬೇಕು. ನರದ ಮೇಲೆ ಒತ್ತಡ ಬಿದ್ದರೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕಿರುಬೆರಳು ಮಾತ್ರ ಚೆನ್ನಾಗಿರುತ್ತದೆ. ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿ ಮಲಗಿದರೆ ಅನೇಕರಿಗೆ ಹಿತ. ಹೆಬ್ಬೆರಳ ಬುಡದ ಮಾಂಸ ಇಳಿಯತೊಡಗಿದರೆ ಮಾತ್ರ ಕಾಯಬಾರದು, ಶಸ್ತ್ರಚಿಕಿತ್ಸಕರನ್ನು ನೋಡಬೇಕು. ಹತ್ತಿ ಬಿಡಿಸುವವರಿಗೆ ಹೆಬ್ಬೆರಳ ಬುಡದಲ್ಲಿ ಮಣಿಕಟ್ಟೇ ನೋಯುವುದು ಇನ್ನೊಂದು ಬಗೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ್ದು. ಅದಕ್ಕೆ ಹೆಬ್ಬೆರಳನ್ನೂ ಹಿಡಿದಿಡುವ ಪಟ್ಟಿ ಬೇಕು.

ಎಡಗೈ ನೋವಿನ ಜೊತೆ ಎದೆಬಿಗಿತ, ಬೆವರು ಬಂದರೆ ಅದು ಹೃದಯದ್ದಿರಬಹುದು. ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೂ, ಕೀಲು ಊದಿ ಜ್ವರ ಬಂದರೂ ಹಾಗೆಯೇ.

ಮಗ್ಗದಲ್ಲೂ ಸಣ್ಣ ಬದಲಾವಣೆ ಸಾಧ್ಯ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿಯಾಗಿ ಹಿಡಿಯಬೇಕಿಲ್ಲ. ಹಗ್ಗದ ಉದ್ದ ಸರಿಮಾಡಿ ಮೊಣಕೈ ಪಕ್ಕೆಯ ಹತ್ತಿರವೇ ಇರುವಂತೆ ನೋಡಿಕೊಂಡರೆ ಹೆಗಲಿಗೆ ಹಗುರ. ಆದರೆ ಇದನ್ನು ಒಬ್ಬೊಬ್ಬರೇ ಕಂಡುಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ. ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿ, ನೇಯುವುದು ಮಾರುವುದು ಎಲ್ಲರ ಜವಾಬ್ದಾರಿ ಎಂದು ತೋರಿಸಿದರು. ನೇಯುವ ಕೈಯ ಆರೋಗ್ಯವೂ ಆ ಸಾಲಿಗೆ ಸೇರಬೇಕು. ಹತ್ತಿಯ ಹಂಗಾಮಿಗೆ ಮುಂಚೆಯೇ ಒಬ್ಬ ಫಿಜಿಯೋಥೆರಪಿಸ್ಟ್ ಊರೂರಿಗೆ ಬಂದು, ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿ, ಬಾಟಲಿ ಹಿಡಿಯುವುದನ್ನೂ ಪಟ್ಟಿ ಕಟ್ಟುವುದನ್ನೂ ಕೈಹಿಡಿದು ಕಲಿಸುವ ಏರ್ಪಾಟು ಆಗಬೇಕು.