ಹೋಗುವವರಿಗೆ ಒಂದು ಮಾತು, ಉಳಿಯುವವರಿಗೆ ಇನ್ನೊಂದು



ಪದವಿಯ ಕೊನೆಯ ವರ್ಷದಲ್ಲಿರುವ ಮಕ್ಕಳಿದ್ದ ಯಾವ ಮನೆಗೆ ಹೋದರೂ ಈಗ ಒಂದೇ ಮಾತು. ಜಿಆರ್‌ಇ ಬರೆಯುವುದೇ, ಐಇಎಲ್‌ಟಿಎಸ್ ಬರೆಯುವುದೇ? ಅಮೆರಿಕವೇ, ಕೆನಡಾವೇ, ಜರ್ಮನಿಯೇ? ತಂದೆ ಶಿಕ್ಷಣ ಸಾಲದ ಬಡ್ಡಿ ಲೆಕ್ಕ ಹಾಕುತ್ತಿರುತ್ತಾರೆ. ತಾಯಿ ಮಾತ್ರ, "ಇಲ್ಲೇನು ಕಡಿಮೆಯಾಗಿದೆ?" ಎಂದು ಮೆಲ್ಲನೆ ಕೇಳಿ ಒಳಗೆ ಹೋಗುತ್ತಾರೆ.

ನಾನು ಬಿ.ಎ. ಓದುತ್ತಿದ್ದಾಗ ಇದಕ್ಕೆ 'ಪ್ರತಿಭಾ ಪಲಾಯನ' ಎಂಬ ದೊಡ್ಡ ಹೆಸರಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಅದು ಖಾಯಂ ವಿಷಯ. ಪರವಾಗಿ ಮಾತನಾಡುವವರು ಅವಕಾಶ, ಸಂಶೋಧನೆ, ಡಾಲರು ಎನ್ನುತ್ತಿದ್ದರು. ವಿರೋಧಿಸುವವರು ತಾಯ್ನಾಡಿನ ಋಣ ಎನ್ನುತ್ತಿದ್ದರು. ಚಪ್ಪಾಳೆ, ಬಹುಮಾನ ಎರಡೂ ಋಣದವರಿಗೆ. ಆ ಋಣದವರಲ್ಲೇ ಕೆಲವರು ಮುಂದೆ ವಿಮಾನ ಹತ್ತಿದರು! ಅವರನ್ನು ದೂರುವುದಕ್ಕೆ ನಾನಿದನ್ನು ಬರೆಯುತ್ತಿಲ್ಲ. ಹೋಗುವುದು ದ್ರೋಹವಲ್ಲ; ಉಳಿಯುವುದು ತಾನಾಗಿಯೇ ಪುಣ್ಯವೂ ಅಲ್ಲ. ನೀವು ಹೋದರೆ ಯಾವ ಹೊಣೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಮೊದಲೇ ತಿಳಿದು, ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ ನಿರ್ಧರಿಸಿ ಎಂದಷ್ಟೇ ನನ್ನ ಮಾತು.

ನಿಮ್ಮ ಅಜ್ಜನೂ ಊರು ಬಿಟ್ಟವರೇ

ನೀವು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ. ಆದರೂ ಮನೆಯಲ್ಲಿ 'ಊರು' ಎಂದರೆ ಉಡುಪಿ, ಕುಂದಾಪುರ, ಅಂಕೋಲಾ, ಧಾರವಾಡ. ಆ ಊರನ್ನು ಮೊದಲು ಬಿಟ್ಟವರು ನೀವಲ್ಲ. ನಿಮ್ಮ ಅಜ್ಜನೋ ಅಪ್ಪನೋ. ಹದಿಹರೆಯದ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಎಸ್‌ಎಸ್‌ಸಿ ಮುಗಿಸಿದರು. ಅವರಲ್ಲಿ ಮುಂದೆ ವಕೀಲರಾದವರು, ಬ್ಯಾಂಕ್ ಅಧಿಕಾರಿಗಳಾದವರು ಉಂಟು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. ಅದೇ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಎಲೆ ಊಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಅವರು ಊರು ಬಿಟ್ಟರು ನಿಜ, ಆದರೆ ಊರಿನ ಹಗ್ಗ ಬಿಡಲಿಲ್ಲ. ತಿಂಗಳಿಗೊಂದು ಮನಿಯಾರ್ಡರು, ಮಳೆಗಾಲಕ್ಕೆ ಮುಂಚೆ ಮನೆ ಹೆಂಚಿನ ಖರ್ಚಿಗೆ ಹಣ, ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಇಡೀ ದಿನದ ಪ್ರಯಾಣ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ರಾತ್ರಿ ಹತ್ತಿದರೆ ಮರುದಿನ ಊರು. ಅಷ್ಟು ಹತ್ತಿರ ಇದ್ದದ್ದರಿಂದ ಹೊರಟವರಾರೂ 'ನಾನು ಬಿಟ್ಟುಹೋದೆ' ಎಂದುಕೊಳ್ಳಲೇ ಇಲ್ಲ. ನಿಮ್ಮ ಪ್ರಯಾಣ ಹಾಗಲ್ಲ. ಅದಕ್ಕೇ ಯೋಚನೆಯೂ ಹೆಚ್ಚು ಬೇಕು.

ಇಬ್ಬರು ಕನ್ನಡಿಗರು

ಯಶವಂತ ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು. ರಾಸಾಯನಿಕ ತಂತ್ರಜ್ಞಾನ ಅವರ ವೃತ್ತಿ. ಅಮೆರಿಕದಲ್ಲಿ ಓದಿಯೂ ಬಂದರು, ಆದರೆ ಬಾಳಿದ್ದು ಮುಂಬಯಿಯಲ್ಲಿ. 2014ರಲ್ಲಿ ತೀರಿಕೊಂಡದ್ದೂ ಇಲ್ಲೇ. ಕಂಪನಿಯ ಕೆಲಸ ಮುಗಿಸಿ ಬಂದು ಕನ್ನಡದಲ್ಲಿ ಬರೆದರು. 'ಶಿಕಾರಿ'ಯಂಥ ಕಾದಂಬರಿಯಲ್ಲಿ ಈ ಮಹಾನಗರವಿದ್ದರೆ, ಅವರ ಕತೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ.

ಎ.ಕೆ. ರಾಮಾನುಜನ್ ಇನ್ನೊಂದು ದಾರಿ ಹಿಡಿದವರು. ಮೈಸೂರಿನಲ್ಲಿ 1929ರಲ್ಲಿ ಜನನ, ಮನೆಮಾತು ತಮಿಳು. 1959ರಲ್ಲಿ ಅಮೆರಿಕಕ್ಕೆ ಹೋದರು; ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತ 1993ರಲ್ಲಿ ಅಲ್ಲೇ ನಿಧನರಾದರು. ಅಲ್ಲಿದ್ದುಕೊಂಡೇ 'ಹೊಕ್ಕುಳಲ್ಲಿ ಹೂವಿಲ್ಲ' ಎಂಬ ಕನ್ನಡ ಕವನಸಂಕಲನವನ್ನು 1969ರಲ್ಲಿ ಕೊಟ್ಟರು. 1973ರಲ್ಲಿ ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದರು. ಇಂಗ್ಲಿಷ್ ಓದುವ ಜಗತ್ತಿನಲ್ಲಿ ಬಸವಣ್ಣ, ಅಕ್ಕಮಹಾದೇವಿಯರಿಗೆ ಅನೇಕ ಓದುಗರು ದೊರೆತದ್ದು ಆ ಪುಸ್ತಕದಿಂದ.

ಇಬ್ಬರಲ್ಲಿ ಯಾರು ಹೆಚ್ಚು ಕನ್ನಡಿಗರು? ನನಗಂತೂ ತೂಗಲು ಬಾರದು. ಇದ್ದ ಜಾಗ ಬೇರೆಯಾದರೂ ಇಬ್ಬರೂ ಒಂದು ಕೆಲಸವನ್ನು ಬಿಡದೆ ಮಾಡಿದರು. ಕರ್ನಾಟಕದ ಮಣ್ಣಿನಲ್ಲೇ ಇದ್ದು ವರ್ಷಕ್ಕೊಂದು ಕನ್ನಡ ಪುಸ್ತಕ ಮುಟ್ಟದವರೂ ಇದ್ದಾರಲ್ಲ!

ಕಾಗದಪತ್ರದ ಲೆಕ್ಕ

ಇನ್ನು ಭಾವನೆಯನ್ನು ಪಕ್ಕಕ್ಕಿಟ್ಟು ಕಾನೂನು ನೋಡೋಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಹುಟ್ಟಿದ್ದೇ ಇಂಥ ಕಡೆಗೆ.

ಅಮೆರಿಕದ ಎಚ್‌-1ಬಿ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿ. ಅಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರಿನ ಶುಲ್ಕ ಘೋಷಿಸಿದಾಗ ಎಷ್ಟು ಮನೆಗಳಲ್ಲಿ ನಿದ್ದೆ ಹೋಯಿತೋ! ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಶೇಕಡಾ 7ರಷ್ಟೇ ಪಾಲು. ಅರ್ಜಿ ಹಾಕುವವರಲ್ಲಿ ಭಾರತದವರೇ ಬಹಳ. ಹಾಗಾಗಿ ಸಾಲು ಹತ್ತಾರು ವರ್ಷಗಳದ್ದು. ಅಷ್ಟರಲ್ಲಿ ಮಗುವಿಗೆ 21 ತುಂಬಿದರೆ, ತಂದೆತಾಯಿಯ ವೀಸಾದ ಆಸರೆ ಅದಕ್ಕೆ ತಪ್ಪುತ್ತದೆ.

ಒಂದು ವೇಳೆ ಅಲ್ಲಿನ ಪೌರತ್ವ ಸಿಕ್ಕಿತೆನ್ನಿ. 1955ರ ನಮ್ಮ ಪೌರತ್ವ ಕಾಯಿದೆ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. 2005ರಿಂದ ಓಸಿಐ ಕಾರ್ಡ್ ಇದೆ. ವೀಸಾ ಇಲ್ಲದೆ ಬಂದುಹೋಗಬಹುದು. ಆದರೆ ಮತದಾನವಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯಿಲ್ಲ, ಗದ್ದೆ ತೋಟ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಪೌರತ್ವ ಬದಲಿಸದೆ ಹೊರಗಿರುವವರಿಗೆ ಮತದ ಹಕ್ಕುಂಟು. ಅದಕ್ಕೂ ಊರಿನ ಮತಗಟ್ಟೆಗೆ ತಾವೇ ಬರಬೇಕು.

ನಿಮ್ಮ ಅಜ್ಜ ಮುಂಬಯಿಗೆ ಬಂದಾಗ ಇಂಥ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ನೀವು ಹಾಕಬೇಕಾಗಬಹುದು. ಹೆದರಿಸಲು ಹೇಳುತ್ತಿಲ್ಲ, ತಿಳಿದು ಹಾಕಿ ಎನ್ನುತ್ತಿದ್ದೇನೆ.

ಉಳಿದವರ ಪಾಲು

ಹೊರಟವರ ಬಗ್ಗೆ ಎಷ್ಟೋ ಬರೆದಿದ್ದಾರೆ. ಉಳಿದವರನ್ನು ಕೇಳುವವರು ಕಡಿಮೆ.

ನಮ್ಮ ಯಜಮಾನರು ನಾಲ್ವರು ಅಣ್ಣತಮ್ಮಂದಿರು. ಮೂವರು ಮುಂಬಯಿಗೆ ಬಂದರು. ಹಿರಿಯ ಭಾವನವರು ಕುಂದಾಪುರದ ಬಳಿಯ ಮನೆಯಲ್ಲೇ ಉಳಿದರು. ಅತ್ತೆಯವರು ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಾಗ ನೋಡಿಕೊಂಡದ್ದು ಅವರೂ ನಮ್ಮ ಅಕ್ಕನೂ. ಒಂದು ಚೌತಿಗೆ ಎಲ್ಲರೂ ಸೇರಿದ್ದಾಗ ನಾವು, "ಊರೆಂದರೆ ಊರೇ, ಈ ಗಾಳಿ ಎಲ್ಲಿ ಸಿಗುತ್ತದೆ" ಎಂದು ಹೊಗಳುತ್ತಿದ್ದೆವು. ಭಾವನವರು ಎಲೆಅಡಿಕೆ ಜಗಿಯುತ್ತ, "ಗಾಳಿ ಚೆನ್ನಾಗಿಯೇ ಉಂಟು. ಜೂನ್‌ನಲ್ಲಿ ಅದೇ ಗಾಳಿಗೆ ಹೆಂಚು ಹಾರಿದಾಗ ಮಾಡು ಹತ್ತುವವನು ನಾನು" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆದರೂ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ 'ಊರು' ನಮಗಾಗಿ ಉಳಿದಿದ್ದರೆ, ಒಬ್ಬರು ಹೋಗದೆ ಉಳಿದದ್ದರಿಂದ.

2020ನ್ನೂ ನೆನೆಯಿರಿ. ಮಾರ್ಚಿನಲ್ಲಿ ವಿಮಾನಗಳು ನಿಂತವು; ವಿದೇಶದಲ್ಲಿದ್ದ ಮಕ್ಕಳು ತಂದೆತಾಯಿಯ ಅಂತ್ಯಸಂಸ್ಕಾರವನ್ನು ಮೊಬೈಲಿನಲ್ಲಿ ನೋಡಿದರು. ಮುಂಬಯಿಯವರಾದ ನಮ್ಮ ಪಾಡೂ ಅಷ್ಟೇ. ಮೇ ತಿಂಗಳಲ್ಲಿ ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರನ್ನು ಕೆಲಕಾಲ ತಡೆಯಿತು. ಎಂದೋ ಬಿಟ್ಟ ಊರು ಬೇಕೆಂದಾಗ ಬಾಗಿಲು ತೆರೆದೇ ಇರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ.

ಹೊರಡುವ ಮೊದಲು

ಹೋಗುವವರು ದಯವಿಟ್ಟು ಮೂರು ಕೆಲಸ ಮಾಡಿ. ಮೊದಲನೆಯದು, ಅಣ್ಣ, ಅಕ್ಕ, ತಮ್ಮ, ತಂಗಿಯರೊಡನೆ ಕುಳಿತು ಮಾತಾಡಿ. ಅಪ್ಪ ಅಮ್ಮನಿಗೆ ಆಸ್ಪತ್ರೆ ಬಂದರೆ ಯಾರು ಓಡುವುದು, ಖರ್ಚು ಯಾರದು, ಊರಿನ ಮನೆಯ ತೆರಿಗೆ ಯಾರು ಕಟ್ಟುವುದು, ಪಹಣಿಯಲ್ಲಿ ಯಾರ ಹೆಸರಿದೆ, ಎಲ್ಲವನ್ನೂ. ಹಣ ಕಳಿಸಿದವರ ಪಾಲು ಮುಗಿಯಿತು ಎಂದುಕೊಳ್ಳಬೇಡಿ; ರಾತ್ರಿ ಎದ್ದು ನೀರು ಕೊಡುವ ಕೆಲಸಕ್ಕೆ ಡಾಲರು ಒದಗುವುದಿಲ್ಲ. ಎರಡನೆಯದು, ಒಬ್ಬಳೇ ಮಗಳು, ಒಬ್ಬನೇ ಮಗನಾಗಿದ್ದರೆ ಈ ಮಾತನ್ನು ಅಪ್ಪ ಅಮ್ಮನೊಡನೆಯೇ ಆಡಿ. ಅವರು "ನಮ್ಮ ಚಿಂತೆ ಬಿಡು" ಎಂದರೆ ಅಲ್ಲಿಗೇ ನಿಲ್ಲಿಸಬೇಡಿ. ಮೂರನೆಯದು, ಕನ್ನಡ ಓದುಬರಹವನ್ನು ಗಟ್ಟಿ ಮಾಡಿಕೊಂಡು ಹೋಗಿ. ಇಲ್ಲವಾದರೆ ನಿಮ್ಮ ಮಗುವಿಗೂ ನಿಮ್ಮ ತಾಯಿಗೂ ನಡುವೆ ಫೋನಿನಲ್ಲಿ "ಹಲೋ, ಬೈ" ಬಿಟ್ಟರೆ ಮತ್ತೇನೂ ಉಳಿಯದು.

ಉಳಿಯುವವರಿಗೆ ಒಂದೇ ಮಾತು. ಉಳಿಯಬೇಕೆಂದು ನಿಮಗೇ ಅನ್ನಿಸಿದರೆ ಉಳಿಯಿರಿ. "ನಿಮಗಾಗಿ ನಾನು ಅಮೆರಿಕ ಬಿಟ್ಟೆ" ಎಂದು ಮುಂದೆ ಹತ್ತು ವರ್ಷ ಅಪ್ಪ ಅಮ್ಮನಿಗೆ ಕೇಳಿಸುವುದಾದರೆ, ಹೋಗುವುದೇ ಮೇಲು. ಉಳಿದ ಮೇಲೆ ಊರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ, ಈ ಸಂಘದ ಕೆಲಸಕ್ಕೂ ಒಂದು ಭಾನುವಾರ ಕೊಡಿ. ಇಲ್ಲಿ ಕುರ್ಚಿ ಜೋಡಿಸುವವರೆಲ್ಲ ಇನ್ನೂ ನಮ್ಮ ವಯಸ್ಸಿನವರೇ!

ನನ್ನ ಮಾತು ಒಪ್ಪದಿದ್ದರೆ ಸಂಪಾದಕರಿಗೆ ಬರೆದು ತಿಳಿಸಿ. ಆದರೆ ಕನ್ನಡದಲ್ಲೇ ಬರೆಯಿರಿ. ಒತ್ತಕ್ಷರ ತಪ್ಪಿದರೆ ತಿದ್ದಿಕೊಳ್ಳೋಣ.